ಹೆಸರಲ್ಲೇ ಕರ್ನಾಟಕ ಹೊತ್ತ ಅಮೀರ್‌ಬಾಯಿ

ನಮ್ಮ ಮದುವೆ ಮನೆಗಳಲ್ಲಿ ಕೈಕೊಟ್ಟಿ ಪಾಟ್ ಹಾಡುವ ಹೆಂಗಸರ ದನಿಗೆ ತಲೆದೂಗದವರು ಯಾರು? ಅದೇ ದನಿ ನಾಲ್ಕು ಗೋಡೆ ದಾಟಿ ಹೊರಬಂದರೆ ಮಾತ್ರ ನಮ್ಮ ಹುಬ್ಬು ಮೇಲೇರುತ್ತದೆ. ಹಾಗೆ ಹೊರಬಂದ ಒಬ್ಬ ಮುಸ್ಲಿಂ ಕನ್ನಡತಿಯ ಕಥೆ ನಮ್ಮ ಮನೆಗಳಲ್ಲಿ ಅಷ್ಟಾಗಿ ಕೇಳಿಬಂದದ್ದಿಲ್ಲ.

ಮೊದಲು ಗದಗ ಸೀಮೆಗೆ ಹೋಗಿ ಬರೋಣ. ಕಂಪನಿ ನಾಟಕಗಳ ತವರೂರು ಅದು. ಗದಗದಲ್ಲಿ ಗರುಡ ಸದಾಶಿವರಾಯರು, ಶಿರಹಟ್ಟಿಯಿಂದ ವೆಂಕೋಬರಾಯರು. ಲಕ್ಷ್ಮೇಶ್ವರದ ಬಚ್ಚಾಸಾನಿಯಂತೂ ಹೆಣ್ಣಾಗಿ ತಾನೇ ಕಂಪನಿ ಕಟ್ಟಿ ನಡೆಸಿದಾಕೆ, ಆ ಕಾಲದಲ್ಲಿ! ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನದ್ದು. ಮರಾಠಿ ರಂಗಭೂಮಿ 1843ರಲ್ಲಿ ಹುಟ್ಟಿದ್ದೇ ಆ ಸಾಂಗ್ಲಿಯಲ್ಲಿ. ಗದಗ ಜಂಕ್ಷನ್‌ನಿಂದ ಇನ್ನೊಂದು ರೈಲು ಹಳಿ ಬಾಗಲಕೋಟೆ, ವಿಜಯಪುರದತ್ತ ಹೋಗುತ್ತದೆ. ಆ ಬಾಗಲಕೋಟೆಯ ಪಕ್ಕದ ಬೀಳಗಿಯಲ್ಲಿ ಹುಟ್ಟಿದವರು ಅಮೀರ್‌ಬಾಯಿ ಕರ್ನಾಟಕಿ.

ಮನೆಯಲ್ಲೇ ನಾಟಕದ ನಂಟು. ಅಕ್ಕ ಗೋಹರ್, ತಂಗಿ ಅಮೀರ್ ಇಬ್ಬರೂ ಎಳವೆಯಲ್ಲೇ ರಂಗ ಹತ್ತಿದರು. ಅಲ್ಲಿ ನಟಿಯಾಗುವುದೆಂದರೆ ಹಾಡುಗಾರ್ತಿಯೂ ಆಗಬೇಕು. ಮೈಕಿಲ್ಲದೆ ಕೊನೆಯ ಸಾಲಿಗೂ ದನಿ ಮುಟ್ಟಿಸಬೇಕು. ಆ ತಾಲೀಮೇ ಮುಂಬೈಯಲ್ಲಿ ಅಮೀರ್‌ಬಾಯಿಯ ಕೈಹಿಡಿಯಿತು ಅಂತ ನಾವು ತಿಳಿಯುತ್ತೇವೆ. 1934ರಲ್ಲಿ 'ವಿಷ್ಣುಭಕ್ತಿ'ಯಿಂದ ಸಿನಿಮಾಕ್ಕೆ ಕಾಲಿಟ್ಟರೂ ಹೆಸರು ಬಂದದ್ದು 1943ರ 'ಕಿಸ್ಮತ್'ನಿಂದ. ಅನಿಲ್ ಬಿಸ್ವಾಸ್ ಸಂಗೀತ, ನಾಯಕಿಗೆ ಅಮೀರ್‌ಬಾಯಿಯ ಕಂಠ. ಕೋಲ್ಕತ್ತಾದ ರಾಕ್ಸಿಯಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅವರು ಹಾಡಿದ 'ವೈಷ್ಣವ ಜನ ತೋ' ಗಾಂಧೀಜಿಗೆ ಪ್ರಿಯವಾಗಿತ್ತು ಎಂಬ ಮಾತೂ ಉಂಟು. 1948ರ 'ಶಹನಾಜ್'ಗೆ ಸಂಗೀತ ನಿರ್ದೇಶಕಿಯೂ ಅವರೇ. ಹೆಂಗಸು ಆ ಕುರ್ಚಿಯಲ್ಲಿ ಕೂರುವುದು ಇವತ್ತಿಗೂ ಅಪರೂಪವಲ್ಲವೇ?

ಬದುಕು ಮಾತ್ರ ಹಾಡಿನಷ್ಟು ಇಂಪಾಗಿರಲಿಲ್ಲ. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಕಣ್ಣೀರಲ್ಲಿ ಮುಗಿಯಿತು. ಆಮೇಲೆ ಲತಾ ಮಂಗೇಶ್ಕರ್ ಬಂದರು, ಹಾಡುಗಳು ಕಡಿಮೆಯಾದವು. ಅಮೀರ್‌ಬಾಯಿ ಪೋಷಕ ಪಾತ್ರಗಳಿಗೆ ಹೊರಳಿದರು. ಅತ್ತ ಅಕ್ಕ ಗೋಹರ್‌ಬಾಯಿ ಮರಾಠಿ ರಂಗದ ಬಾಲಗಂಧರ್ವರ ಕೈಹಿಡಿದು, ಅದಕ್ಕಾಗಿ ಊರವರ ಚುಚ್ಚುಮಾತು ಸಾಕಷ್ಟು ತಿಂದರು.

ಒಂದು ಗಮನಿಸಿ. ರಾಜ್ಯ ಒಂದಾದದ್ದು 1956ರಲ್ಲಿ, ಅದಕ್ಕೆ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರಲ್ಲಿ. ಈ ಅಕ್ಕತಂಗಿಯರು ಅದಕ್ಕೆಷ್ಟೋ ಮೊದಲೇ ತಮ್ಮ ಹೆಸರಿನ ಮುಂದೆ 'ಕರ್ನಾಟಕಿ' ಅಂತ ಬರೆದುಕೊಂಡು ಮುಂಬೈಯಲ್ಲಿ ಓಡಾಡಿದವರು. ಕನ್ನಡ ಮುಸ್ಲಿಮರ ಗುರುತಿನ ಬಗ್ಗೆ ಮಾತೆತ್ತುವವರ ಬಾಯಲ್ಲಿ ಇದೊಂದು ಬರುವುದೇ ಇಲ್ಲ, ನೋಡಿ. ರಹಮತ್ ತರೀಕೆರೆಯವರು ಅಮೀರ್‌ಬಾಯಿ ಕುರಿತು ಪುಸ್ತಕವನ್ನೇ ಬರೆದಿದ್ದಾರೆ. ಮನೆಯ ಹೆಣ್ಣುಮಕ್ಕಳ ಕೈಗೆ ಕೊಡಿ.

1965ರ ಮಾರ್ಚ್ 3ರಂದು ಅಮೀರ್‌ಬಾಯಿ ತೀರಿಕೊಂಡರು. ಮಣ್ಣಾದದ್ದು ಹುಟ್ಟಿದ ಸೀಮೆಯಲ್ಲೇ. ವಿಜಯಪುರದಲ್ಲಿ 'ಅಮೀರ್ ಟಾಕೀಸ್' ಅಂತ ಕೇಳಿದರೆ, ಅದು ಇವರದೇ ಹೆಸರು.