ಪಟ ಏರಿಸುವ ಮೊದಲು ದಡದ ಕಡೆ ನೋಡಿ

ರಾಮೇಶ್ವರಂ ಕಡಲಲ್ಲಿ ಕೈಟ್‌ಸರ್ಫಿಂಗ್, ಅಂದರೆ ದೊಡ್ಡ ಗಾಳಿಪಟ ಎಳೆದಂತೆ ಹಲಗೆ ಮೇಲೆ ನೀರಿನಲ್ಲಿ ಜಾರುವ ಆಟ, ಆಡುವವರನ್ನು ನೋಡಿದ್ದೀರಾ? ನೋಡೋಕೆ ಬಲು ಚೆಂದ. ಆದರೆ ದೊಡ್ಡ ಅಪಾಯ ಇರೋದು ನೀರಿನಲ್ಲಲ್ಲ, ದಡದಲ್ಲಿ.

ಈ ಪಟದ ದಾರಗಳು ಸಾಮಾನ್ಯವಾಗಿ 20ರಿಂದ 25 ಮೀಟರ್ ಉದ್ದ. ಗಾಳಿ ಒಮ್ಮೆಲೇ ಜೋರಾದರೆ ಪಟ ಆಳನ್ನೇ ನೆಲದಿಂದ ಎತ್ತಿಬಿಡುತ್ತೆ. ಗಾಳಿ ಕಡಲಿಂದ ದಡಕ್ಕೆ ಬೀಸುತ್ತಿದ್ದರೆ ಹೋಗಿ ಬಡಿಯೋದು ಮನೆ ಗೋಡೆಗೆ, ಇಲ್ಲವೇ ಕರೆಂಟ್ ತಂತಿಗೆ. ದಾರ ಪ್ಲಾಸ್ಟಿಕ್‌ನದ್ದು, ಶಾಕ್ ಹೊಡೆಯಲ್ಲ ಅಂದುಕೊಳ್ಳಬೇಡಿ. ಉಪ್ಪುನೀರಲ್ಲಿ ನೆಂದ ದಾರದಲ್ಲಿ ಕರೆಂಟ್ ಹರಿಯಬಲ್ಲದು.

ಹಾಗಾಗಿ ಗಾಳಿ ಸಾಗುವ ದಿಕ್ಕಿನಲ್ಲಿ ದಾರದ ಎರಡರಷ್ಟು, ಅಂದರೆ ಕನಿಷ್ಠ 50 ಮೀಟರ್ ಬಯಲು ಬೇಕೇ ಬೇಕು. ನನ್ನ ಕೇಳಿದರೆ, ಆ ದಿಕ್ಕಿನಲ್ಲಿ ತಂತಿ ಕಂಡರೆ ಅಳತೆಯೇ ಬೇಡ, ಬೇರೆ ಜಾಗ ಹುಡುಕಿ. ಪಟದ ಎಳೆತವನ್ನು ತಕ್ಷಣ ಬಿಡಿಸುವ ಕೊಂಡಿಯಾದ ಕ್ವಿಕ್ ರಿಲೀಸನ್ನು ಕಣ್ಣು ಮುಚ್ಚಿಯೂ ಬಿಡಿಸೋಕೆ ಬರುವಷ್ಟು ಅಭ್ಯಾಸ ಮಾಡಿ. ಪಟ ಎಳೆಯತೊಡಗಿದ ಮೇಲೆ ಯೋಚಿಸೋಕೆ ಸಮಯ ಸಿಗಲ್ಲ.

ಪಟ ತಂತಿ ಕಡೆ ಸಾಗುತ್ತಿದೆಯಾ? ತಗುಲುವ ಮೊದಲೇ ರಿಲೀಸ್ ಮಾಡಿ, ಪಟವನ್ನು ನಿಮಗೆ ಕಟ್ಟಿರುವ ಸುರಕ್ಷತಾ ಹಗ್ಗ (ಲೀಶ್) ಕೂಡ ಕಳಚಿ, ದೂರ ಸರಿಯಿರಿ. ಸಿಕ್ಕಿಕೊಂಡ ಪಟ ಎಷ್ಟೇ ದುಬಾರಿ ಇರಲಿ, ಕೋಲು ಹಾಕಿ ಎಳೆಯಬೇಡಿ, ನೇತಾಡುವ ದಾರ ಮುಟ್ಟಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ವಿದ್ಯುತ್ ದೂರಿನ 1912 ನಂಬರಿಗೆ ಕರೆ ಮಾಡಿ. ಲೈನ್ ಆಫ್ ಮಾಡಿ ಅದನ್ನು ಇಳಿಸೋದು ಲೈನ್‌ಮನ್‌ಗಳ ಕೆಲಸ.