ವಿಹಾರನೌಕೆಯ ರೇಡಾರ್: ತತ್ತ್ವವೂ ಮಿತಿಯೂ

ಮಂಜು ಮುಸುಕಿದ ಕಡಲಿನಲ್ಲಿ ನಾವಿಕನಿಗೆ ಕಣ್ಣು ಉಪಯೋಗಕ್ಕೆ ಬಾರದು. ಅಂಥ ಸಮಯದಲ್ಲಿ ಸುತ್ತಣ ವಸ್ತುಗಳ ಇರವನ್ನು ಸೂಚಿಸುವ ಸಾಧನವೇ ರೇಡಾರ್. 1904 ರಲ್ಲಿ ಜರ್ಮನಿಯ ಕ್ರಿಸ್ಟಿಯಾನ್ ಹ್ಯೂಲ್ಸ್‌ಮಾಯರ್ ಎಂಬಾತನು, ರೈನ್ ನದಿಯ ಹಡಗುಗಳಿಂದ ರೇಡಿಯೊ ತರಂಗಗಳು ಹಿಂದಿರುಗುವುದನ್ನು ಕಲೋನ್ ನಗರದಲ್ಲಿ ತೋರಿಸಿಕೊಟ್ಟನು. ಆದರೆ ಆತನ ಯಂತ್ರಕ್ಕೆ ದೂರವನ್ನು ನೇರವಾಗಿ ಅಳೆಯುವ ಶಕ್ತಿಯಿರಲಿಲ್ಲ. 1940 ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ರ‍್ಯಾಂಡಲ್ ಮತ್ತು ಬೂಟ್ ಎಂಬುವರು ರಚಿಸಿದ ಮ್ಯಾಗ್ನೆಟ್ರಾನ್, ಸುಮಾರು 10 ಸೆಂಟಿಮೀಟರ್ ಉದ್ದದ ತರಂಗಗಳನ್ನು ಪ್ರಬಲವಾಗಿ ಹೊಮ್ಮಿಸಿತು. ತರಂಗವು ಗಿಡ್ಡವಾದಂತೆಲ್ಲ ಆಂಟೆನಾ ಕಿರಿದಾಗಬಹುದಾದುದರಿಂದ, ಚಿಕ್ಕ ನೌಕೆಗಳಿಗೂ ರೇಡಾರ್ ಒದಗುವಂತಾಯಿತು. ಈಗ ವಿಹಾರನೌಕೆಗಳಲ್ಲಿ ಬಳಸುವ ತರಂಗದ ಉದ್ದವು ಸುಮಾರು 3 ಸೆಂಟಿಮೀಟರ್.

ಇದರ ತತ್ತ್ವವು ಪ್ರತಿಧ್ವನಿಯದೇ. ಬೆಟ್ಟದೆದುರು ಕೂಗಿದವನು, ದನಿ ಮರಳುವ ವೇಳೆಯಿಂದ ದೂರವನ್ನು ಎಣಿಸಬಹುದಷ್ಟೆ. ರೇಡಿಯೊ ತರಂಗವು 1 ನಾವಿಕ ಮೈಲಿ, ಎಂದರೆ 1852 ಮೀಟರ್, ದೂರದ ವಸ್ತುವನ್ನು ಮುಟ್ಟಿ ಮರಳಲು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 12 ಭಾಗ ಸಾಕು. ಆಂಟೆನಾ ಆ ಕ್ಷಣದಲ್ಲಿ ಯಾವ ಕಡೆಗೆ ತಿರುಗಿರುವುದೋ ಅದೇ ವಸ್ತುವಿನ ದಿಕ್ಕು.

ಮಿತಿಗಳೂ ಇಲ್ಲಿಯೇ ಹುಟ್ಟುವುವು. ಭೂಮಿಯು ಗುಂಡಾಗಿರುವುದರಿಂದ, ನೀರಿನಿಂದ 4 ಮೀಟರ್ ಎತ್ತರದ ಆಂಟೆನಾಕ್ಕೆ ದಿಗಂತವು ಸುಮಾರು ನಾಲ್ಕೂವರೆ ನಾವಿಕ ಮೈಲಿ; ಎತ್ತರವಾದ ವಸ್ತುಗಳು ಮಾತ್ರ ಅದರಾಚೆಗೂ ಕಾಣಿಸುವುವು. 45 ಸೆಂಟಿಮೀಟರ್ ಅಗಲದ ಆಂಟೆನಾದಿಂದ ಹೊರಡುವ ತರಂಗಪುಂಜವು ಸುಮಾರು 5 ಡಿಗ್ರಿ ಹರಡುವುದು. ಆದುದರಿಂದ ದೂರದಲ್ಲಿ ಅಕ್ಕಪಕ್ಕದ ಎರಡು ದೋಣಿಗಳು ಒಂದೇ ಮಚ್ಚೆಯಾಗಿ ತೋರುವುವು. ಅಲೆಗಳೂ ಪ್ರತಿಧ್ವನಿ ಕೊಡುವುವು. ಅವುಗಳ ಗೊಂದಲವನ್ನು ಅಡಗಿಸಲು ಗುಂಡಿಯನ್ನು ಅತಿಯಾಗಿ ತಿರುಗಿಸಿದರೆ, ಅಲೆಯೊಡನೆ ಸಮೀಪದ ಸಣ್ಣ ದೋಣಿಯೂ ಅಳಿಸಿಹೋಗುವುದು. ಮರ ಮತ್ತು ಗಾಜುನಾರಿನ ದೋಣಿಗಳು ತರಂಗಗಳನ್ನು ಸರಿಯಾಗಿ ಮರಳಿಸವು. ಅವುಗಳ ಕೂವೆಮರಕ್ಕೆ ಲೋಹದ ಪ್ರತಿಫಲಕವನ್ನು ಕಟ್ಟುವುದು ಇದಕ್ಕಾಗಿಯೇ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಚಲನೆಯ ವಿಚಾರ. ಸಾಮಾನ್ಯವಾಗಿ ತೆರೆಯ ನಡುವೆ ಸ್ವಂತ ನೌಕೆಯು ನಿಂತಂತೆ ತೋರುವುದರಿಂದ, ಮಚ್ಚೆಯ ಚಲನೆಯು ಎರಡು ನೌಕೆಗಳ ಚಲನೆ ಬೆರೆತುದು. ದಿಕ್ಕು ಬದಲಾಗದೆ ದೂರ ಮಾತ್ರ ಕುಗ್ಗುತ್ತಿದ್ದರೆ ಡಿಕ್ಕಿಯ ಭಯವುಂಟು. ಇದನ್ನು ಅರಿಯಲು ಒಂದು ನೋಟ ಸಾಲದು. ಮತ್ತೆ ಮತ್ತೆ ಅಳೆದು ಗುರುತಿಸಬೇಕು. 1956 ರ ಜುಲೈ 25 ರ ರಾತ್ರಿ ಅಮೆರಿಕದ ನ್ಯಾನ್‌ಟಕೆಟ್ ದ್ವೀಪದ ಬಳಿ ಆಂಡ್ರಿಯಾ ಡೋರಿಯಾ ಮತ್ತು ಸ್ಟಾಕ್‌ಹೋಮ್ ಎಂಬ ಹಡಗುಗಳು ಪರಸ್ಪರ ರೇಡಾರಿನಲ್ಲಿ ಕಂಡಿದ್ದೂ ಡಿಕ್ಕಿಯಾದುವು. 51 ಜನರು ಮಡಿದರು. ಯಂತ್ರಗಳು ಕಂಡಿದ್ದುವು, ಕಂಡುದರ ಅರ್ಥನಿರ್ಣಯವು ತಪ್ಪಿತ್ತು.

1972 ರ ಅಂತರರಾಷ್ಟ್ರೀಯ ನಿಯಮಗಳು, ಕಣ್ಣು ಕಿವಿಗಳಿಂದ ಕಾವಲಿರಬೇಕೆಂದೂ, ಅಲ್ಪವಾದ ರೇಡಾರ್ ಮಾಹಿತಿಯಿಂದ ಊಹೆ ಮಾಡಬಾರದೆಂದೂ ವಿಧಿಸುತ್ತವೆ. ಹಡಗಿಗೂ ವಿಹಾರನೌಕೆಗೂ ಈ ವಿಧಿಯೊಂದೇ.