ಅಲೆಪ್ಪೊ ಹುಣ್ಣು: ನೀರಿನಿಂದಲ್ಲ, ಹೆಣದಿಂದಲೂ ಅಲ್ಲ

ತಪ್ಪು ಕಲ್ಪನೆ: ಊರ ನೀರು ಕುಡಿದರೆ ಹುಣ್ಣಾಗುತ್ತದೆ.

ಸಿರಿಯಾದ ಅಲೆಪ್ಪೊದಲ್ಲಿ ಇದು ಹಳೆಯ ನಂಬಿಕೆ. ಅಲ್ಲಿ ವೈದ್ಯನಾಗಿದ್ದ ಅಲೆಕ್ಸಾಂಡರ್ ರಸೆಲ್ 1756ರ ತನ್ನ ಪುಸ್ತಕದಲ್ಲಿ ಇದನ್ನು ದಾಖಲಿಸಿದ್ದಾನೆ. ಕೆನ್ನೆಯ ಮೇಲೋ ಕೈಯ ಮೇಲೋ ಸಣ್ಣ ಗಂಟು ಏಳುತ್ತದೆ. ಆಮೇಲೆ ಹಕ್ಕಳೆಗಟ್ಟಿ, ಹೆಚ್ಚು ನೋಯದ ಹುಣ್ಣಾಗುತ್ತದೆ. ಮಾಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು, ಕಲೆ ಮಾತ್ರ ಹೋಗುವುದಿಲ್ಲ. ಒಂದೇ ಹೊಳೆಯ ನೀರು ಕುಡಿಯುವ ಊರುಗಳಲ್ಲಿ ಕಾಣಿಸುತ್ತಿದ್ದುದರಿಂದ ಜನ ನೀರನ್ನು ದೂರಿದರು. ಆ ಊಹೆಯಲ್ಲಿ ತರ್ಕವೇನೋ ಇತ್ತು.

ನಿಜವಾದ ಕಾರಣ ಲೀಷ್ಮೇನಿಯಾ ಎಂಬ ಏಕಕೋಶ ಪರಾವಲಂಬಿ. ಅದನ್ನು ಹೊತ್ತು ತರುವುದು ಮರಳು ನೊಣ. ಗಾತ್ರದಲ್ಲಿ ಸೊಳ್ಳೆಯ ಮೂರನೇ ಒಂದು ಪಾಲು, ಹಾರುವಾಗ ಸದ್ದಿಲ್ಲ, ಕಚ್ಚುವುದು ಹೆಚ್ಚಾಗಿ ಕತ್ತಲಾದ ಮೇಲೆ. ಸೊಳ್ಳೆಗೆ ಬೇಕಾದಂತೆ ಇದರ ಮರಿಗಳಿಗೆ ನಿಂತ ನೀರು ಬೇಕಿಲ್ಲ. ಗೋಡೆಯ ಬಿರುಕು, ಕಸದ ರಾಶಿ, ತೇವದ ಮಣ್ಣು ಸಾಕು.

ತಪ್ಪು ಕಲ್ಪನೆ: ಯುದ್ಧದಲ್ಲಿ ಬೀದಿಯಲ್ಲಿ ಬಿದ್ದ ಹೆಣಗಳಿಂದ ರೋಗ ಹಬ್ಬಿತು.

ಸಿರಿಯಾದ ಅಂತರ್ಯುದ್ಧದ ಹೊತ್ತಿಗೆ ಪತ್ರಿಕೆಗಳೂ ಈ ಸುದ್ದಿಯನ್ನು ‘ಮಾಂಸ ತಿನ್ನುವ ರೋಗ’ ಎಂದು ಬಣ್ಣ ಹಚ್ಚಿ ಮಾರಿದವು. ಹೆಣ ಈ ರೋಗ ಹರಡುವುದಿಲ್ಲ. ಮನೆಗಳು ಕುಸಿದವು, ಕಸ ಎತ್ತುವವರಿಲ್ಲವಾದರು, ಕೀಟನಾಶಕ ಸಿಂಪಡಣೆ ನಿಂತಿತು, ಜನ ತೆರೆದ ಜಾಗದಲ್ಲಿ ಮಲಗತೊಡಗಿದರು. ನೊಣಕ್ಕೆ ಇನ್ನೇನು ಬೇಕು?

ತಪ್ಪು ಕಲ್ಪನೆ: ನಿರಾಶ್ರಿತರನ್ನು ಮುಟ್ಟಿದರೆ ಅಂಟುತ್ತದೆ.

ಯುದ್ಧಕ್ಕೂ ಹಿಂದೆ ವರ್ಷಕ್ಕೆ ಬೆರಳೆಣಿಕೆಯಷ್ಟು ರೋಗಿಗಳಿದ್ದ ಲೆಬನಾನಿನಲ್ಲಿ 2013ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಪತ್ತೆಯಾದರು, ಬಹುಪಾಲು ಸಿರಿಯಾದಿಂದ ಬಂದವರು. ಆದರೆ ಮುಟ್ಟಿದ ಮಾತ್ರಕ್ಕೆ ಇದು ಅಂಟದು, ನಡುವೆ ನೊಣ ಇರಲೇಬೇಕು.

ಎಲ್ಲ ನಂಬಿಕೆಯೂ ಸುಳ್ಳಲ್ಲ. ಒಮ್ಮೆ ಹುಣ್ಣಾದವರಿಗೆ ಸಾಮಾನ್ಯವಾಗಿ ಮತ್ತೆ ಆಗದು ಎಂದು ಪಶ್ಚಿಮ ಏಷ್ಯಾದ ತಾಯಂದಿರು ಪ್ರಯೋಗಾಲಯಗಳಿಗಿಂತ ಮೊದಲೇ ಅರಿತಿದ್ದರು. ಮುಖ ಕೆಡದಿರಲೆಂದು ಬಟ್ಟೆ ಮುಚ್ಚುವ ಜಾಗದಲ್ಲೇ ಮಕ್ಕಳಿಗೆ ಹುಣ್ಣು ಬರಿಸುತ್ತಿದ್ದರು.

ನಮ್ಮಲ್ಲೂ ‘ದೆಹಲಿ ಹುಣ್ಣು’ ಎಂಬ ಹೆಸರಿತ್ತು. ಮಲೇರಿಯಾಕ್ಕೆಂದು ಹೊಡೆದ ಡಿಡಿಟಿ ಈ ನೊಣವನ್ನೂ ಕೊಂದು, ರೋಗ ಬಹುಮಟ್ಟಿಗೆ ರಾಜಸ್ಥಾನದ ಬಿಕಾನೇರ್ ಕಡೆಗೆ ಸರಿಯಿತು. ಹಾಗೆಂದು ಮರುಭೂಮಿಯ ಕಾಯಿಲೆ ಎಂದು ಕೈಬಿಡುವಂತಿಲ್ಲ: ಹಿಮಾಚಲದ ಸಟ್ಲೆಜ್ ಕಣಿವೆಯಲ್ಲೂ ಕೇರಳದ ಪಶ್ಚಿಮಘಟ್ಟದ ಹಾಡಿಗಳಲ್ಲೂ ಇದು ಪತ್ತೆಯಾಗಿದೆ. ಮುಖದ ಮೇಲಿನ ಗಂಟು ತಿಂಗಳುಗಟ್ಟಲೆ ಆ್ಯಂಟಿಬಯಾಟಿಕ್‌ಗೆ ಜಗ್ಗದಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ, ಯಾವ ಊರುಗಳಲ್ಲಿ ತಂಗಿದ್ದಿರಿ ಎಂಬುದನ್ನೂ ಹೇಳಿ.